ಮುದ್ದುರಾಜನ ಕೇರಿ



ಶಿಕ್ಷಕನಾದವನು ವಿದ್ಯಾರ್ಥಿಗಳ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸುತ್ತಾನೆ. ತನ್ನ ತಪ್ಪನ್ನು ಗುರುತಿಸಿಕೊಳ್ಳುವ ಅವಕಾಶ ಅವನಿಗೆ ಸಿಗುವುದು ನಿವೃತ್ತಿಯ ನಂತರವೇ. ಅಂತಹ ಒಂದು ತಪ್ಪನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬಿ.ಎಡ್. ಮುಗಿಸಿ, ಬಯಲುಸೀಮೆಯಿಂದ ಕೊಡಗಿನ ಪ್ರೌಢಶಾಲೆಯೊಂದಕ್ಕೆ ಬಂದ ಹೊಸತು. ಹೊರಗೆ ಜಡಿಮಳೆ. ಒಂಬತ್ತನೆಯ ತರಗತಿಯಲ್ಲಿ ಪಾಠ ಮಾಡುತ್ತ, ‘ಮಡಿವಾಳರ ಕೇರಿಯೇ ಮಡಿಕೇರಿ’ ಎಂದುಬಿಟ್ಟೆ. ಯಾವ ಆಧಾರವೂ ಇರಲಿಲ್ಲ. ಶಬ್ದದ ಹೋಲಿಕೆಯೊಂದೇ ಸಾಕೆನಿಸಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಅಲ್ಲ ಸರ್, ಅದು ಮುದ್ದುರಾಜನ ಕೇರಿ. ನಮ್ಮಜ್ಜ ಹೇಳಿದ್ದಾರೆ” ಎಂದ.

“ಅಜ್ಜನ ಕಥೆಗೆ ಪರೀಕ್ಷೆಯಲ್ಲಿ ಅಂಕ ಕೊಡುವುದಿಲ್ಲ. ಕುಳಿತುಕೋ” ಎಂದೆ. ತರಗತಿ ನಕ್ಕಿತು. ಆ ವರ್ಷವಿಡೀ ಅವನು ಮತ್ತೆ ಕೈಯೆತ್ತಲಿಲ್ಲ.

ಮುಂದೆ ಕೊಡಗಿನ ಇತಿಹಾಸವನ್ನು ಓದತೊಡಗಿದಾಗ ನಾನೇ ತಲೆತಗ್ಗಿಸಬೇಕಾಯಿತು. ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಈ ಬೆಟ್ಟದ ಮೇಲಕ್ಕೆ ತಂದು, ಅರಮನೆಯನ್ನೂ ಮಣ್ಣಿನ ಕೋಟೆಯನ್ನೂ ಕಟ್ಟಿಸಿದನು. ‘ಕೇರಿ’ ಎಂದರೆ ಜನವಸತಿ, ಬೀದಿ. ಮುದ್ದುರಾಜನಕೇರಿ ಎಂಬ ಹೆಸರು ಜನರ ನಾಲಗೆಯಲ್ಲಿ ಸವೆದು ಮಡಿಕೇರಿಯಾಯಿತು. ಟಿಪ್ಪು ಸುಲ್ತಾನನು ಕೋಟೆಯನ್ನು ಕಲ್ಲಿನಿಂದ ಪುನರ್ನಿರ್ಮಿಸಿ ಜಾಫರಾಬಾದ್ ಎಂದು ಕರೆದನು. 1790ರಲ್ಲಿ ಕೋಟೆಯನ್ನು ಮರಳಿ ಪಡೆದ ದೊಡ್ಡವೀರರಾಜೇಂದ್ರನ ಹೆಸರು ವೀರರಾಜೇಂದ್ರಪೇಟೆಯಲ್ಲಿ, ಎಂದರೆ ಇಂದಿನ ವಿರಾಜಪೇಟೆಯಲ್ಲಿ, ಉಳಿದಿದೆ. ಅವನ ರಾಣಿ ಮಹಾದೇವಮ್ಮಾಜಿಯ ಹೆಸರು ಮಡಿಕೇರಿಯ ಮಹದೇವಪೇಟೆಯಲ್ಲಿದೆ. ಕೋಟೆಯೊಳಗಿನ ಇಂದಿನ ಅರಮನೆಯೂ 1820ರ ಓಂಕಾರೇಶ್ವರ ದೇವಾಲಯವೂ ಲಿಂಗರಾಜೇಂದ್ರನ ಕಾಲದವು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಆಂಗ್ಲರ ಬಾಯಲ್ಲಿ ಮಡಿಕೇರಿ ‘ಮರ್ಕೆರಾ’ ಆಯಿತು.

ಜಾಫರಾಬಾದ್ ಕಾಗದದಲ್ಲಿ ಉಳಿಯಿತು. ಮರ್ಕೆರಾ ಹಳೆಯ ಫಲಕಗಳಲ್ಲಿ ಉಳಿಯಿತು. ಮುದ್ದುರಾಜನ ಕೇರಿ ಮಾತ್ರ ಮೂರು ಶತಮಾನ ಕಳೆದರೂ ಜನರ ಬಾಯಲ್ಲಿ ಉಳಿಯಿತು. ಆ ಹುಡುಗನ ಅಜ್ಜನಂತಹವರು ಮನೆಯ ಜಗಲಿಯಲ್ಲಿ ಕುಳಿತು ಮೊಮ್ಮಕ್ಕಳಿಗೆ ಹೇಳುತ್ತ ಬಂದದ್ದರಿಂದ.

ನಂತರದ ತಂಡಗಳಿಗೆ ಸರಿಯಾದ ಪಾಠವನ್ನೇ ಹೇಳಿದೆ. ಆದರೆ ಆ ಹುಡುಗನನ್ನು ಕರೆದು “ನೀನು ಹೇಳಿದ್ದೇ ಸರಿಯಪ್ಪಾ” ಎನ್ನಲಿಲ್ಲ. ಹಾಗೆನ್ನಲು ನನ್ನ ಕುರ್ಚಿಯ ಅಭಿಮಾನ ಬಿಡಲಿಲ್ಲ.

2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ ಬೆಟ್ಟಗಳು ಕುಸಿದ ಸುದ್ದಿ ಬಂದಾಗ, ಹಳೆಯ ವಿದ್ಯಾರ್ಥಿಯೊಬ್ಬರಿಂದ ಅವನ ದೂರವಾಣಿ ಸಂಖ್ಯೆ ಪಡೆದು ಕರೆ ಮಾಡಿದೆ. ಮನೆಯವರೆಲ್ಲ ಕ್ಷೇಮವೆಂದ. ಅಜ್ಜ ಇದ್ದ ಹಳೆಯ ಮನೆ ಮಾತ್ರ ಮಣ್ಣುಪಾಲಾಗಿತ್ತು. ಧೈರ್ಯ ಮಾಡಿ ಆ ದಿನದ ಮಾತನ್ನೆತ್ತಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಅವನು ಮಾತನಾಡಲಿಲ್ಲ. ಆಮೇಲೆ, “ಅಜ್ಜ ಇದ್ದಿದ್ದರೆ ಅವರಿಗೇ ಹೇಳಿ ಅಂತಿದ್ದೆ ಸರ್. ಆ ದಿನ ಮನೆಗೆ ಹೋಗಿ, ನೀವು ಸುಳ್ಳು ಹೇಳಿದಿರಿ ಅಂತ ಅವರ ಮೇಲೆ ರೇಗಿದ್ದೆ” ಎಂದ.

ನನ್ನ ಅಜ್ಞಾನವು ತರಗತಿಯ ನಾಲ್ಕು ಗೋಡೆಗಳನ್ನು ದಾಟಿ, ಒಬ್ಬ ಹಿರಿಯರ ಜಗಲಿಯವರೆಗೂ ಹೋಗಿತ್ತೆಂಬುದು ನನಗೆ ತಿಳಿದದ್ದು ಅಂದು.

ಮಕ್ಕಳೇ, ನಿಮ್ಮ ಊರಿಗೆ ಆ ಹೆಸರು ಹೇಗೆ ಬಂತೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಪುಸ್ತಕದೊಡನೆ ಹೋಲಿಸಿಯೂ ನೋಡಿ. ಆದರೆ ಮೊದಲು ಅವರ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ. ನಾನು ಕೇಳಿಸಿಕೊಳ್ಳಲಿಲ್ಲ.