ಪಾಲಿಸಿ ಶ್ರವಣ

ಯುಗಾದಿಯಂದು ನಮ್ಮ ಮನೆಯಲ್ಲಿ ಪಂಚಾಂಗ ಶ್ರವಣವಾಗುವುದುಂಟು. ಈ ವರ್ಷ ಅದರ ಬೆನ್ನಿಗೇ ಇನ್ನೊಂದು ಶ್ರವಣವೂ ಆಯಿತು. ಅದು ಅಪ್ಪ, ಅಮ್ಮನ ಆರೋಗ್ಯ ವಿಮೆಯ ಪಾಲಿಸಿಯದು.

ಕಚೇರಿಯಲ್ಲಿ ದಿನವಿಡೀ ಊರವರ ಕಡತ ಓದುವ ಗುಮಾಸ್ತ ನಾನು. ಮನೆಯ ಪಾಲಿಸಿಯನ್ನು ಮಾತ್ರ ಐದು ವರ್ಷ ತೆರೆದೂ ನೋಡದೆ ಕಂತು ಕಟ್ಟುತ್ತ ಬಂದೆ. ಹೋದ ಮಳೆಗಾಲದಲ್ಲಿ ಅಪ್ಪ ಇಲ್ಲಿಯೇ ಪುಣೆಯ ಆಸ್ಪತ್ರೆಯೊಂದನ್ನು ಸೇರಿದರು. ಕೋಣೆಗೆ ದಿನಕ್ಕೆ 8,000 ರೂಪಾಯಿ; ಪಾಲಿಸಿಯ ಮಿತಿ 5,000. ಮಿಕ್ಕ 3,000 ನಮ್ಮ ಪಾಲಿಗೆಂದುಕೊಂಡಿದ್ದೆ. ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆಯ ವೆಚ್ಚಗಳಿಗೂ ಅದೇ ಪ್ರಮಾಣದಲ್ಲಿ ಕತ್ತರಿ ಬಿತ್ತು. ಅಪ್ಪ ಮಾತಾಡದೆ ಪಿಂಚಣಿಯ ಪಾಸ್‌ಬುಕ್ಕನ್ನು ನನ್ನ ಕೈಗಿತ್ತರು. ಬೈದಿದ್ದರೆ ಚೆನ್ನಾಗಿತ್ತು.

ನವೀಕರಣ ಜೂನಿನಲ್ಲಿ. ಕಂಪನಿ ಬದಲಿಸುವುದಾದರೆ 45 ದಿನ ಮೊದಲೇ ಅರ್ಜಿ ಹೋಗಬೇಕು. ಹೊಸಬರು ಒಪ್ಪಿಕೊಂಡರೆ, ಹಳೆಯ ಕಾಯಿಲೆಗಳಿಗಾಗಿ ಕಾದು ಕಳೆದ ವರ್ಷಗಳು ಹಳೆಯ ಮೊತ್ತದ ಮಟ್ಟಿಗೆ ಜಮೆಯಾಗುತ್ತವೆ. ಆದ್ದರಿಂದ ಎರಡು ಪಾಲಿಸಿಗಳನ್ನೂ ಎದುರಿಗಿಟ್ಟುಕೊಂಡು ಗಟ್ಟಿಯಾಗಿ ಓದಿದೆ. ಹೊಸದರಲ್ಲಿ ಕೋಣೆಯ ಮಿತಿಯಿಲ್ಲ, ಕಂತು ಹೆಚ್ಚು.

“ನನ್ನ ಸಕ್ಕರೆ ಕಾಯಿಲೆ ಬರೆಯಲೇಬೇಕೇನೋ?” ಎಂದರು ಅಮ್ಮ.

“ಮುಚ್ಚಿಟ್ಟರೆ ನಾಳೆ ಅದೇ ಕೊರಳಿಗೆ ಬರುತ್ತದೆ. ಬರೆಯಪ್ಪಾ” ಎಂದರು ಅಪ್ಪ. ಆಮೇಲೆ ಬೇವುಬೆಲ್ಲದ ಬಟ್ಟಲನ್ನು ನನ್ನತ್ತ ಸರಿಸಿ, “ಆಯವ್ಯಯ ಹೇಗಿದೆ?” ಎಂದು ಕೇಳಿದರು.

“ವ್ಯಯ ತುಸು ಹೆಚ್ಚು, ಅಪ್ಪಾ. ನಿಮ್ಮ ಪಾಸ್‌ಬುಕ್ಕಿಗೆ ಮಾತ್ರ ಶುಭ.”