ಹಿನ್ನೀರು ಇಳಿದ ಮೇಲೆ

ಏಪ್ರಿಲ್ ತಿಂಗಳ ಬೆಳಗಿನ ಐದು ಗಂಟೆ. ಬೆಂಗಳೂರಿನ ನಗರ್ತಪೇಟೆಯಲ್ಲಿ ಅಂಗಡಿಗಳ ಷಟರ್ ಇನ್ನೂ ಎದ್ದಿಲ್ಲ. ಧರ್ಮರಾಯಸ್ವಾಮಿ ಗುಡಿಯ ಕರಗ ಮುಗಿದು ಮೂರು ದಿನವಾಗಿದ್ದರೂ ರಸ್ತೆಯ ಮೂಲೆಯಲ್ಲಿ ಬಾಡಿದ ಮಲ್ಲಿಗೆಯ ವಾಸನೆ ಉಳಿದಿದೆ. ಕಾರು ಗಲ್ಲಿಯೊಳಗೆ ಬರುವುದಿಲ್ಲ, ದೊಡ್ಡ ರಸ್ತೆಯವರೆಗೆ ನಡೆಯಬೇಕು. ಅಮ್ಮ ಮಾತ್ರ ಹೊರಡುವ ಮನಸ್ಸು ಮಾಡುತ್ತಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿದೆ. ಬಿಂದಿಗೆ, ಬಕೆಟ್ಟು, ಹಿತ್ತಾಳೆ ಕೊಡ ಎಲ್ಲ ತುಂಬಿದ ಮೇಲೇ ಬಾಗಿಲಿಗೆ ಬೀಗ. ಮದುವೆಯಾಗಿ ಈ ಪೇಟೆಗೆ ಬಂದ ದಿನದಿಂದ ಅಮ್ಮನ ಬೆಳಗು ಶುರುವಾಗುವುದೇ ನೀರು ಹಿಡಿಯುವುದರಿಂದ.

ಮೈಸೂರಿನಲ್ಲಿ ತಿಂಡಿ ತಿಂದು ಮಾನಂದವಾಡಿ ರಸ್ತೆ ಹಿಡಿಯುತ್ತೇವೆ. ಹಂಪಾಪುರ, ಹ್ಯಾಂಡ್‌ಪೋಸ್ಟ್, ಅಂತರಸಂತೆ. ಹೊಲಗಳು ಉಳುಮೆಗೆ ಕಾದು ಒಣಗಿ ಬಿದ್ದಿವೆ. ಮಧ್ಯಾಹ್ನದ ಹೊತ್ತಿಗೆ ಕಾರಾಪುರ. ಗೇಟು ದಾಟಿದರೆ ದೊಡ್ಡ ಮರಗಳ ನೆರಳು, ಹೆಂಚಿನ ಮಾಡಿನ ಹಳೆಯ ಬಂಗಲೆ, ಅದರಾಚೆ ನೀರು.

ಮೈಸೂರು ಮಹಾರಾಜರು ಶಿಕಾರಿಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಜಾಗ ಇದು. ಈಗ ಇದು ಕಬಿನಿ ರಿವರ್ ಲಾಡ್ಜ್. ನಡೆಸುತ್ತಿರುವುದು 1980ರಲ್ಲಿ ಹುಟ್ಟಿದ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್. ಈ ಲಾಡ್ಜನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದವರು ಕರ್ನಲ್ ಜಾನ್ ವೇಕ್‌ಫೀಲ್ಡ್. 1916ರಲ್ಲಿ ಗಯಾದಲ್ಲಿ ಹುಟ್ಟಿ, ಹರೆಯದಲ್ಲಿ ಬಂದೂಕು ಹಿಡಿದು ಬೇಟೆಯಾಡಿ, ಆಮೇಲೆ ಕಾಡು ಕಾಯುವುದಕ್ಕೆ ತಿರುಗಿದ ಮನುಷ್ಯ. ಲಾಡ್ಜಿನವರೆಲ್ಲರ ಬಾಯಲ್ಲಿ ಅವರು ಪಾಪಾ. 2010ರಲ್ಲಿ ತೀರಿಕೊಂಡರು.

ಊಟ ‘ಗೋಲ್ ಘರ್’ನಲ್ಲಿ. ಸುತ್ತಲೂ ತೆರೆದಿರುವ ದುಂಡನೆಯ ಚಾವಡಿ ಅದು, ಕೂತಲ್ಲಿಂದಲೇ ಹಿನ್ನೀರು ಕಾಣುತ್ತದೆ. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು ಎನ್ನುವುದಕ್ಕೆ ದಡದ ಉದ್ದಕ್ಕೂ ಕೆಂಪು ಮಣ್ಣಿನ ಗೆರೆಗಳು ಬಿದ್ದಿವೆ, ಒಂದರ ಕೆಳಗೊಂದು. ಕಟ್ಟಕಡೆಯ ಗೆರೆಯ ಕೆಳಗೆ ಹಸಿರು.

ಮೂರೂವರೆಗೆ ದೋಣಿ. ಕಿತ್ತಳೆ ಬಣ್ಣದ ಜಾಕೆಟ್ಟಿನ ಬಕಲು ಹಾಕಿಕೊಳ್ಳಲು ಅಮ್ಮನಿಗೆ ಬರುವುದಿಲ್ಲ. ಜೊತೆಗೆ ಬಂದ ನ್ಯಾಚುರಲಿಸ್ಟ್ ಹುಡುಗ ಬಗ್ಗಿ ಹಾಕಿಕೊಡುತ್ತಾನೆ. ಈ ಕಡೆಯವನೇ. ಬಲಕ್ಕೆ ನಾಗರಹೊಳೆ, ನೀರಿನಾಚೆ ಬಂಡೀಪುರ ಎಂದು ಕೈ ತೋರಿಸುತ್ತಾನೆ. ನೀರಿನ ನಡುವೆ ಒಣಮರಗಳು ನೆಟ್ಟಗೆ ನಿಂತಿವೆ. ತೊಗಟೆ ಎಂದೋ ಕಳಚಿ, ಕೊಂಬೆಗಳು ಬಿಳಿಚಿಕೊಂಡಿವೆ. ತುದಿಗಳಲ್ಲಿ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿವೆ. ಕೆಸರಿನ ದಂಡೆಯಲ್ಲಿ ದಿಮ್ಮಿ ಎಂದುಕೊಂಡದ್ದು ಬಾಯಿ ತೆರೆದಾಗ ಮೊಸಳೆ.

ತಿರುವು ದಾಟುತ್ತಲೇ ಇಂಜಿನ್ ನಿಲ್ಲುತ್ತದೆ. ಯಾರೂ ಹೇಳದೆ ಎಲ್ಲರ ಮಾತೂ ನಿಲ್ಲುತ್ತದೆ. ದಡದ ಮೇಲೆ ಆನೆಗಳು. ಒಂದು ಹಿಂಡಲ್ಲ, ಹಿಂಡಿನಾಚೆ ಹಿಂಡು. ಅಮ್ಮ ಬೆರಳು ಮಡಿಸುತ್ತಾ ಎಣಿಸಿ ನಲವತ್ತಕ್ಕೆ ಕೈಬಿಡುತ್ತಾಳೆ.

ನಮಗೆ ಹತ್ತಿರದಲ್ಲಿರುವುದು ಒಂದು ಮುದಿ ಹೆಣ್ಣಾನೆ. ಹುಲ್ಲು ಗೇಣುದ್ದವೂ ಇಲ್ಲ, ಸೊಂಡಿಲಿಗೆ ಸಿಗುವಷ್ಟಿಲ್ಲ. ಮುಂಗಾಲಿನ ಉಗುರಿನಿಂದ ಆನೆ ನೆಲವನ್ನು ಒಂದು ಸಲ, ಎರಡು ಸಲ ಒದೆಯುತ್ತದೆ. ಹುಲ್ಲು ಬೇರು ಸಮೇತ ಏಳುತ್ತದೆ. ಅದನ್ನು ಸೊಂಡಿಲ ತುದಿಯಲ್ಲಿ ಗುಡ್ಡೆ ಮಾಡಿ, ಸುತ್ತಿ ಎತ್ತಿ, ಮೊಣಕಾಲಿಗೆ ಪಟ್ ಪಟ್ ಎಂದು ಬಡಿಯುತ್ತದೆ. ಮಣ್ಣು ಉದುರುತ್ತದೆ. ಸಾಲದು ಎನಿಸಿದರೆ ಇನ್ನೊಂದು ಏಟು. ಆಮೇಲೆ ಬಾಯಿಗೆ. ಬಡಿಯುವ ಆ ಸದ್ದು ದೋಣಿಯವರೆಗೂ ಕೇಳಿಸುತ್ತದೆ. ಪಕ್ಕದಲ್ಲಿ ಮರಿಯೊಂದು ಹಾಗೆಯೇ ಮಾಡಲು ಹೋಗಿ, ಸೊಂಡಿಲು ಎಲ್ಲೆಲ್ಲೋ ಹೋಗಿ, ಹುಲ್ಲು ಬೀಳಿಸಿಕೊಂಡು, ತಾಯಿಯ ಬಾಯಲ್ಲಿದ್ದುದಕ್ಕೇ ಕೈ ಹಾಕುತ್ತದೆ.

“ಸೊಪ್ಪು ಬಿಡಿಸೋ ಥರಾನೇ ಇದ್ಯಲ್ಲೋ,” ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳುತ್ತಾಳೆ. ಆಮೇಲೆ ಹುಡುಗನ ಕಡೆ ತಿರುಗಿ, “ಏನಪ್ಪಾ, ಇದಕ್ಕೆ ದಂತ ಯಾಕಿಲ್ಲ?”

“ಇದು ಹೆಣ್ಣಾನೆ ಅಮ್ಮ. ಆಫ್ರಿಕಾದಲ್ಲಾದ್ರೆ ಹೆಣ್ಣಿಗೂ ದಂತ ಬರುತ್ತೆ. ನಮ್ಮಲ್ಲಿ ಗಂಡಿಗೆ ಮಾತ್ರ. ಗಂಡಲ್ಲೂ ದಂತ ಇಲ್ದೇ ಇರೋವು ಇದಾವೆ, ಅವನ್ನ ಮಕ್ನ ಅಂತೀವಿ.” ಭೋಗೇಶ್ವರ ಇದೇ ಹಿನ್ನೀರಿನಲ್ಲಿ ಮೇಯುತ್ತಿದ್ದ ಎನ್ನುತ್ತಾನೆ. ಎರಡೂ ದಂತ ನೆಲ ಮುಟ್ಟುವಂತಿದ್ದ ಸಲಗ. 2022ರ ಜೂನ್‌ನಲ್ಲಿ ಗುಂಡ್ರೆ ವಲಯದಲ್ಲಿ ವಯಸ್ಸಾಗಿ ಸತ್ತ. ಮನೆಯ ಹಿರಿಯರ ಸಾವನ್ನು ನೆನೆಯುವ ದನಿಯಲ್ಲೇ ಹುಡುಗ ಅದನ್ನು ಹೇಳುತ್ತಾನೆ.

ಇದೇ ಕಬಿನಿ ನದಿಯಲ್ಲಿ ಆನೆಗಳು ಸೆರೆಗೂ ಬಿದ್ದಿವೆ. ಇಲ್ಲಿಗೆ ಹತ್ತಿರದ ಕಾಕನಕೋಟೆಯಲ್ಲಿ ನಡೆಯುತ್ತಿದ್ದ ಖೆಡ್ಡಾದಲ್ಲಿ, ತಮಟೆ, ಪಂಜು, ಬಂದೂಕಿನ ಸದ್ದಿನಿಂದ ಇಡೀ ಹಿಂಡನ್ನು ನದಿಗಿಳಿಸಿ, ಆಚೆ ದಡದ ದೊಡ್ಡಿಗೆ ಅಟ್ಟುತ್ತಿದ್ದರು. ಅತಿಥಿಗಳಾಗಿ ಬಂದ ರಾಜಕುಮಾರರು, ವೈಸ್‌ರಾಯ್‌ಗಳು ಕೂತು ನೋಡುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಇದೇ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಲಂಡನ್ನಿಗೂ ಅಲ್ಲಿಂದ ಹಾಲಿವುಡ್‌ಗೂ ಹೋದ.

1974ರಲ್ಲಿ ಬೀಚನಹಳ್ಳಿಯಲ್ಲಿ ಅಣೆಕಟ್ಟು ಎದ್ದಿತು. ಹತ್ತೊಂಬತ್ತೂವರೆ ಟಿಎಂಸಿ ನೀರು ನಿಂತು, ಕಣಿವೆಯ ಕಾಡು, ಹಳ್ಳಿ, ಗದ್ದೆ, ಜೇನುಕುರುಬರ ಹಾಡಿಗಳು ಮುಳುಗಿದವು. ನಾವು ನೋಡುತ್ತಿರುವ ಒಣಮರಗಳು ಆ ಕಾಡಿನವೇ. ಈ ಬಿರುಬೇಸಿಗೆಯಲ್ಲಿ ಗದ್ದೆಗೆ, ಊರಿಗೆ ನೀರು ಬಿಟ್ಟು ಹಿನ್ನೀರು ಇಳಿಯುತ್ತಾ ಹೋದಂತೆ ಒದ್ದೆ ನೆಲ ಬಯಲಾಗುತ್ತದೆ, ಅದರ ಮೇಲೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡಿನ ಕೆರೆಗಳು ಬತ್ತಿ, ಮೇವು ಒಣಗಿದಾಗ ಆನೆಗಳು ಇಲ್ಲಿಗೆ ಇಳಿದು ಬರುತ್ತವೆ. ಆಫ್ರಿಕಾದ ಜಾಂಬೆಜಿ ನದಿಗೆ ಕಟ್ಟಿದ ಕರಿಬಾ ಅಣೆಕಟ್ಟಿನಲ್ಲೂ ಹೀಗೇ. ಅಲ್ಲೂ ಮುಳುಗಿದ ಮರಗಳು ನೀರಿನಲ್ಲಿ ನಿಂತಿವೆ, ಅಲ್ಲೂ ನೀರು ಸರಿದ ದಡದ ಹುಲ್ಲಿಗೆ ಆನೆ, ಕಾಡೆಮ್ಮೆ ಬರುತ್ತವೆ, ಅಲ್ಲೂ ಟೋಂಗಾ ಜನ ನೆಲೆ ಕಳೆದುಕೊಂಡರು. ಅಲ್ಲೂ ದಡದಲ್ಲಿ ಲಾಡ್ಜುಗಳಿವೆ. ಈ ಹಸಿರನ್ನು ಕಣ್ತುಂಬ ನೋಡುವಾಗ ಕೆಳಗಿರುವ ಹಾಡಿಗಳನ್ನು ಮರೆಯುವುದು ತಪ್ಪು ಎಂದೇ ನನಗೆ ಅನ್ನಿಸುತ್ತದೆ. ಲಾಡ್ಜಿನಲ್ಲಿ ಪ್ರತಿ ಸಂಜೆ ಕಾಡಿನ ಸಿನಿಮಾ ತೋರಿಸುತ್ತಾರೆ. ಮುಳುಗಿದ ಊರುಗಳ ಹೆಸರನ್ನೂ ಅಲ್ಲಿ ಓದಿ ಹೇಳಬೇಕು.

“ಈ ನೀರು ಇಲ್ಲಿಂದ ಎಲ್ಲಿಗೆ ಹೋಗುತ್ತೆ?” ಅಮ್ಮ ಕೇಳುತ್ತಾಳೆ.

ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ ಎಂದು ಹುಡುಗ ಹೇಳುತ್ತಾನೆ. ಮುಂದಿನದು ನನಗೆ ಗೊತ್ತು. ಅಲ್ಲಿಂದ ಕೆಳಗೆ ಆ ನೀರನ್ನೇ ತೊರೆಕಾಡನಹಳ್ಳಿಗೆ ತಂದು ಶುದ್ಧ ಮಾಡಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪು ಮಾಡಿ, ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರಕ್ಕೆ ಹತ್ತಿಸಿ ಬೆಂಗಳೂರಿಗೆ ಒಯ್ಯುತ್ತಾರೆ. ಕಾವೇರಿ ನೀರು ಮೊದಲು ನಗರಕ್ಕೆ ಬಂದದ್ದೂ 1974ರಲ್ಲೇ.

“ಹಾಗಾದ್ರೆ ಬೆಳಿಗ್ಗೆ ಹಿಡಿದಿಟ್ಟು ಬಂದ್ವಲ್ಲ…” ಎನ್ನುತ್ತಾಳೆ. ಮುಂದೆ ಏನೂ ಹೇಳುವುದಿಲ್ಲ. ದೋಣಿಯ ಅಂಚಿನಿಂದ ಕೈ ಇಳಿಬಿಟ್ಟವಳು ಮೊಸಳೆಯ ನೆನಪಾಗಿ ಮೇಲಕ್ಕೆ ಎಳೆದುಕೊಳ್ಳುತ್ತಾಳೆ.

ರಾತ್ರಿ ಜೀರುಂಡೆಗಳ ಸದ್ದಿನ ನಡುವೆ ದೂರದಲ್ಲಿ ಆನೆಯ ಘೀಳು ಎರಡು ಸಲ ಕೇಳಿಸುತ್ತದೆ. ಆರಕ್ಕೆ ಗೇಟು ಹಾಕಿದ್ದಾರೆ. ಕಾಡಿನೊಳಗಿನ ಮಾನಂದವಾಡಿ ರಸ್ತೆಯಲ್ಲಿ ಬೆಳಗಿನ ಆರರವರೆಗೆ ವಾಹನವಿಲ್ಲ.

ಮರುದಿನ ಜೀಪು. ತೇಗ, ಮತ್ತಿ, ಬಿದಿರು ದಾಟಿ ಒಂದು ಕೆರೆಯಂಚಿಗೆ ಬಂದಾಗ ಮರದ ಮೇಲಿಂದ ಮುಸುವ ಕೆಮ್ಮುತ್ತದೆ, ಜಿಂಕೆ ಕೂಗುತ್ತದೆ. ನಿಲ್ಲುತ್ತೇವೆ. ಇನ್ನೆರಡು ಜೀಪು ಬಂದು ನಿಲ್ಲುತ್ತವೆ. ಪೊದೆಯನ್ನೇ ನೋಡುತ್ತಾ ಅರ್ಧ ಗಂಟೆ. ಹುಲಿ ಹೊರಗೆ ಬರುವುದಿಲ್ಲ. ಪಕ್ಕದ ಜೀಪಿನಲ್ಲಿ ಒಬ್ಬರು ಕೊಟ್ಟ ದುಡ್ಡು ದಂಡ ಎನ್ನುತ್ತಾರೆ. ಅವರ ಎಡಕ್ಕೆ, ನೂರು ಅಡಿಯೂ ಇಲ್ಲದ ದೂರದಲ್ಲಿ, ಬಿಳಿ ಕಾಲುಚೀಲ ತೊಟ್ಟಂತಿರುವ ಕಾಟಿಯೊಂದು ಮರಿಯ ಬೆನ್ನು ನೆಕ್ಕುತ್ತಾ ನಿಂತಿದೆ. ಅವರು ತಿರುಗಿ ನೋಡುವುದಿಲ್ಲ.

ಹೋಗುವುದಿದ್ದರೆ ಮಳೆ ಹಿಡಿಯುವ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ ಹೋಗಿ. ಹುಲಿ ತೋರಿಸಿ ಎಂದು ಜೀಪಿನವರನ್ನು ಅವಸರ ಮಾಡಬೇಡಿ. ಒಂದು ಸಂಜೆಯನ್ನಾದರೂ ದೋಣಿಗೆ ಇಡಿ, ಇಂಜಿನ್ ನಿಂತ ಮೇಲೆ ಫೋನು ಒಳಗಿಟ್ಟು ಸುಮ್ಮನೆ ಕೂತುಕೊಳ್ಳಿ. ಆನೆ ಹುಲ್ಲು ಬಡಿಯುವ ಸದ್ದು ಕೇಳಿಸುತ್ತದೆ.