ಎರಡು ಜಡೆ

ಆ ದಿನ ಬೆಳಿಗ್ಗೆ ಮಗಳಿಗೆ ಎರಡು ಜಡೆ ಹಾಕಲು ಕೈ ಎತ್ತಿದೆ. ಬಲಭುಜ ಚುಳ್ ಎಂದಿತು, ಬಾಚಣಿಗೆ ಕೆಳಗೆ ಬಿತ್ತು. ಶಾಲೆಯ ವ್ಯಾನ್ ಬರುವ ಹೊತ್ತು. ಅವಳು ಕೂದಲು ಹಿಡಿದುಕೊಂಡೇ ಅಜ್ಜಿಯ ಹತ್ತಿರ ಓಡಿದಳು.

“ಇಡೀ ದಿನ ಕಂಪ್ಯೂಟರ್ ಮುಂದೆ ಬೆರಳಷ್ಟೇ ಆಡಿಸ್ತೀನಿ, ಅತ್ತೆ. ಭುಜ ಯಾಕೆ ನೋಯ್ಬೇಕು?” ಅಂದೆ.

“ಆಡಿಸದೆ ಇರೋದಕ್ಕೇ ನೋಯ್ತಿದೆ. ರಾಗಿ ಬೀಸೋವಾಗ ನನ್ನ ಕೈ ಸುಮ್ನಿರ್ತಿತ್ತಾ?” ಅಂದರು ಅತ್ತೆ.

ಫಿಸಿಯೊಥೆರಪಿಸ್ಟ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಮೌಸ್ ದೂರವಿದ್ದರೆ ಚಾಚಿದ ತೋಳಿನ ಭಾರವನ್ನೆಲ್ಲ ಭುಜದ ಸ್ನಾಯು ಹೊರಬೇಕು; ಗಂಟೆಗಟ್ಟಲೆ ಬಿಗಿದುಕೊಂಡೇ ಇರುತ್ತದಂತೆ. ನನ್ನ ಮೌಸ್ ಮೇಜಿನ ಆ ತುದಿಯಲ್ಲಿತ್ತು, ನಡುವೆ ಕಾಫಿ ಲೋಟ! ಲೋಟ ಅಡುಗೆಮನೆಗೆ ಹೋಯಿತು, ಮೌಸ್ ಕೀಲಿಮಣೆಯ ಪಕ್ಕಕ್ಕೆ ಬಂತು. ಮೊಣಕೈ ಈಗ ಮೈಗೆ ಹತ್ತಿರ. ತಲೆ ಬಗ್ಗದಂತೆ ಪರದೆಯ ಕೆಳಗೆ ಮೂರು ದಪ್ಪ ಪುಸ್ತಕ. ಹೇಳಿಕೊಟ್ಟ ವ್ಯಾಯಾಮ ಬೆಳಿಗ್ಗೆ, ಸಂಜೆ.

ಕಷ್ಟವಾದದ್ದು ಅರ್ಧ ಗಂಟೆಗೊಮ್ಮೆ ಏಳುವುದು. ಕೆಲಸದಲ್ಲಿ ಮುಳುಗಿದರೆ ಯಾರಿಗೆ ನೆನಪು? ರಜೆಯ ದಿನ ಮಗಳೇ ಸ್ಟೀಲ್ ತಟ್ಟೆ ಬಡಿದು, “ಅಮ್ಮಾ, ಪೀರಿಯಡ್ ಮುಗೀತು!” ಎನ್ನುತ್ತಾಳೆ.

ಆರು ವಾರವಾಯಿತು. ಈಗ ಒಂದು ಜಡೆ ಅತ್ತೆಯದು, ಇನ್ನೊಂದು ನನ್ನದು. ನನ್ನದು ಸ್ವಲ್ಪ ಸೊಟ್ಟ.